ಆತಂಕ, ಖಿನ್ನತೆಗೆ ಆನ್‌ಲೈನ್ ಥೆರಪಿ: ಕೆಲಸ ಮಾಡುತ್ತಾ ಅಂತ ಪರೀಕ್ಷಿಸೋದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಫೋನ್ ತೆರೆದರೆ ಸಾಕು, ಕೆಲವೇ ವಾರಗಳಲ್ಲಿ ಆತಂಕ ಕಡಿಮೆ ಮಾಡ್ತೀವಿ ಅನ್ನುವ ಜಾಹೀರಾತು ಬರುತ್ತದೆ. ಕೆಳಗೆ ಸಣ್ಣ ಅಕ್ಷರದಲ್ಲಿ ‘ಸಂಶೋಧನೆಯಿಂದ ಸಾಬೀತಾಗಿದೆ’ ಅಂತಲೂ ಇರುತ್ತದೆ. ಆ ಸಂಶೋಧನೆಯನ್ನು ಯಾರ ಮೇಲೆ ಮಾಡಿದರು, ಯಾವುದಕ್ಕೆ ಹೋಲಿಸಿದರು, ನಡುವೆ ಬಿಟ್ಟುಹೋದವರನ್ನು ಲೆಕ್ಕಕ್ಕೆ ಹಿಡಿದರಾ? ಇಲ್ಲಿರುವ ಉತ್ತರಗಳು ಈ ವಿಚಾರದ ಬಗ್ಗೆ.

ಅದಕ್ಕೂ ಮೊದಲು ಒಂದು ಮಾತು. ಬದುಕೇ ಬೇಡ ಅನ್ನುವ ಯೋಚನೆ ಬರುತ್ತಿದ್ದರೆ ಇದನ್ನು ಓದುತ್ತಾ ಕೂರಬೇಡಿ. 14416ಕ್ಕೆ ಫೋನ್ ಮಾಡಿ. ಇದು ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ದಿನದ 24 ಗಂಟೆಯೂ ಇರುತ್ತದೆ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಆನ್‌ಲೈನ್ ಥೆರಪಿ ಅಂದರೆ ವಿಡಿಯೊ ಕಾಲ್‌ನಲ್ಲಿ ಕೌನ್ಸೆಲಿಂಗ್ ಮಾಡೋದಾ?

ಅದೂ ಒಂದು ಬಗೆ. ಆದರೆ ಇಲ್ಲಿ ಹೇಳುತ್ತಿರುವುದು ಅದರ ಬಗ್ಗೆ ಅಲ್ಲ. ಇಪ್ಪತ್ತು ವರ್ಷಕ್ಕೂ ಜಾಸ್ತಿ ಕಾಲದಿಂದ ಪರೀಕ್ಷೆಗೆ ಒಳಗಾಗಿರುವುದು ಪಾಠದ ರೂಪದ ಥೆರಪಿ. ವೆಬ್‌ಸೈಟಿಗೋ ಆ್ಯಪ್‌ಗೋ ಲಾಗಿನ್ ಆಗಬೇಕು. ವಾರಕ್ಕೊಂದರಂತೆ ಆರೋ ಎಂಟೋ ಹತ್ತೋ ಪಾಠ ಇರುತ್ತವೆ. ಪ್ರತಿ ಪಾಠಕ್ಕೂ ಹೋಂವರ್ಕ್ ಇರುತ್ತದೆ. ಇವುಗಳಲ್ಲಿ ಬಹುಪಾಲು ಸಿಬಿಟಿ, ಅಂದರೆ ಕಾಗ್ನಿಟಿವ್ ಬಿಹೇವಿಯರ್ ಥೆರಪಿಯನ್ನು ಆಧರಿಸಿವೆ.

ಇದರಲ್ಲಿ ಎರಡು ಬಗೆ. ಒಂದರಲ್ಲಿ ಎಲ್ಲವನ್ನೂ ನೀವೇ ಮಾಡಿಕೊಳ್ಳಬೇಕು. ಇನ್ನೊಂದರಲ್ಲಿ ಒಬ್ಬ ಥೆರಪಿಸ್ಟ್ ಅಥವಾ ತರಬೇತಿ ಪಡೆದ ಸಹಾಯಕರು ವಾರಕ್ಕೊಮ್ಮೆ ನಿಮ್ಮ ಹೋಂವರ್ಕ್ ನೋಡಿ ಮೆಸೇಜ್ ಮಾಡುತ್ತಾರೆ, ಇಲ್ಲವೇ ಹತ್ತು-ಹದಿನೈದು ನಿಮಿಷ ಫೋನಿನಲ್ಲಿ ಮಾತಾಡುತ್ತಾರೆ. ಈ ವ್ಯತ್ಯಾಸ ನೆನಪಿರಲಿ, ಮುಂದೆ ಬೇಕಾಗುತ್ತದೆ. ನಾವು ಬರೆದದ್ದಕ್ಕೆ ಕಂಪ್ಯೂಟರೇ ಉತ್ತರ ಕೊಡುವ ಚಾಟ್‌ಬಾಟ್‌ಗಳ ವಿಷಯ ಬೇರೆ, ಅದಕ್ಕೆ ಕೆಳಗೆ ಒಂದು ಪ್ರಶ್ನೆ ಇದೆ.

ಪಾಠದ ಒಳಗೆ ಏನಿರುತ್ತದೆ? ಧೈರ್ಯ ಹೇಳೋದು, ‘ಪಾಸಿಟಿವ್ ಆಗಿ ಯೋಚಿಸಿ’ ಅನ್ನೋದು ಇಷ್ಟೇನಾ?

ಅಲ್ಲ. ಧೈರ್ಯ ಹೇಳೋಕೆ ಮನೆಯವರು, ಪಕ್ಕದ ಮನೆಯವರು ಎಲ್ಲ ಇದ್ದೇ ಇದ್ದಾರೆ.

ಒಂದು ಮಾದರಿ ನೋಡಿ. ಬೆಳಿಗ್ಗೆ ಮ್ಯಾನೇಜರ್‌ಗೆ ವಾಟ್ಸ್‌ಆ್ಯಪ್ ಮಾಡಿದಿರಿ. ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಎದೆ ಡವಡವ, ಊಟ ಸೇರಲಿಲ್ಲ. ಸಿಬಿಟಿ ಪಾಠ ನಿಮ್ಮ ಮುಂದೆ ಒಂದು ಕೋಷ್ಟಕ ಇಡುತ್ತದೆ. ಮೊದಲ ಕಾಲಂನಲ್ಲಿ ಏನಾಯಿತು ಅಂತ ಬರೆಯಬೇಕು. ಎರಡನೆಯದರಲ್ಲಿ ಆಗ ತಲೆಗೆ ಬಂದ ಯೋಚನೆ: ‘ನನ್ನನ್ನು ಕೆಲಸದಿಂದ ತೆಗೀತಾರೆ.’ ಅದನ್ನು ಎಷ್ಟು ನಂಬಿದಿರಿ? ನೂರಕ್ಕೆ 90. ಆಮೇಲೆ ಬರುವುದೇ ಮುಖ್ಯವಾದ ಕಾಲಂ. ಈ ಯೋಚನೆ ನಿಜ ಅನ್ನೋಕೆ ಏನು ಆಧಾರ ಇದೆ, ಅಲ್ಲ ಅನ್ನೋಕೆ ಏನಿದೆ? ಹೋದ ವಾರವೂ ಅವರು ಸಂಜೆ ಉತ್ತರ ಕೊಟ್ಟಿದ್ದರು. ಇವತ್ತು ತಿಂಗಳ ಕೊನೆ, ಅವರಿಗೆ ಮೀಟಿಂಗ್ ಮೇಲೆ ಮೀಟಿಂಗ್. ಕೊನೆಯಲ್ಲಿ ಮತ್ತೆ ಕೇಳುತ್ತದೆ, ಈಗ ಎಷ್ಟು ನಂಬುತ್ತೀರಿ? 90 ಇದ್ದದ್ದು 50ಕ್ಕೆ ಇಳಿದರೂ ಅವತ್ತಿನ ಕೆಲಸ ಆಯಿತು. ಸೊನ್ನೆಗೆ ಬರಬೇಕು ಅಂತ ಯಾರೂ ಹೇಳುವುದಿಲ್ಲ.

ಖಿನ್ನತೆಯ ಪಾಠಗಳಲ್ಲಿ ಇನ್ನೊಂದು ವಿಷಯಕ್ಕೆ ಒತ್ತು ಜಾಸ್ತಿ. ‘ಮನಸ್ಸು ಬಂದಾಗ ಮಾಡ್ತೀನಿ’ ಅಂತ ಕೂತರೆ ಖಿನ್ನತೆಯಲ್ಲಿ ಮನಸ್ಸು ಬರುವುದೇ ಇಲ್ಲ. ಹಾಗಾಗಿ ಮೊದಲು ಮಾಡು, ಮನಸ್ಸು ಆಮೇಲೆ ಬರುತ್ತದೆ ಅನ್ನುವ ಲೆಕ್ಕ. ಸೋಮವಾರ ಸಂಜೆ ಆರಕ್ಕೆ ಹತ್ತು ನಿಮಿಷ ನಡೆಯೋದು, ಬುಧವಾರ ಅಕ್ಕನಿಗೆ ಫೋನ್ ಮಾಡೋದು ಅಂತ ಚಿಕ್ಕ ಚಿಕ್ಕ ಕೆಲಸ ಬರೆದುಕೊಂಡು, ಮಾಡಿದ ಮೇಲೆ ಹೇಗನ್ನಿಸಿತು ಅಂತ ಗುರುತು ಹಾಕಬೇಕು.

ಬಳಸಿದವರು ‘ತುಂಬಾ ಉಪಯೋಗ ಆಯ್ತು’ ಅಂತಾರಲ್ಲ. ಪರೀಕ್ಷೆ ಯಾಕೆ ಬೇಕು?

ಖಿನ್ನತೆ ಎಷ್ಟೋ ಸಲ ತಾನಾಗಿಯೇ ಇಳಿಯುತ್ತದೆ, ಅದಕ್ಕೆ. ಚಿಕಿತ್ಸೆ ಪಡೆಯದ ಜನರ ಮೇಲಿನ ಹಳೆಯ ಅಧ್ಯಯನಗಳನ್ನು 2013ರಲ್ಲಿ ಒಟ್ಟುಗೂಡಿಸಿ ನೋಡಿದರು. ಮೂರು ತಿಂಗಳಲ್ಲಿ ಶೇ 23ರಷ್ಟು, ಒಂದು ವರ್ಷದಲ್ಲಿ ಶೇ 53ರಷ್ಟು ಜನರಲ್ಲಿ ಖಿನ್ನತೆ ತಾನಾಗಿ ಹೋಗಿರಬಹುದು ಅನ್ನುವ ಅಂದಾಜು ಸಿಕ್ಕಿತು. ಜೊತೆಗೆ, ಜನ ಸಹಾಯ ಹುಡುಕುವುದು ಸ್ಥಿತಿ ತೀರಾ ಕೆಟ್ಟಾಗ. ಅಲ್ಲಿಂದ ಮುಂದೆ ಸ್ವಲ್ಪ ಸುಧಾರಿಸುವ ಸಾಧ್ಯತೆಯೇ ಹೆಚ್ಚು. ಆ ಹೊತ್ತಿಗೆ ಯಾವ ಆ್ಯಪ್ ಹಾಕಿಕೊಂಡಿದ್ದರೂ ಅದಕ್ಕೆ ಹೆಸರು ಬರುತ್ತದೆ.

ಪ್ಲೇ ಸ್ಟೋರಿನ ಐದು ಸ್ಟಾರ್ ಏನನ್ನೂ ಸಾಬೀತು ಮಾಡುವುದಿಲ್ಲ. ಉಪಯೋಗ ಆಗದವರು ರಿವ್ಯೂ ಬರೆಯುವ ಗೋಜಿಗೇ ಹೋಗುವುದಿಲ್ಲ, ಸುಮ್ನೆ ಡಿಲೀಟ್ ಮಾಡುತ್ತಾರೆ.

ಹಾಗಾದರೆ ಪರೀಕ್ಷೆ ಮಾಡೋದು ಹೇಗೆ?

ಇಂಥ ಪರೀಕ್ಷೆಗೆ ಟ್ರಯಲ್ ಅನ್ನುತ್ತಾರೆ. ಒಪ್ಪಿದವರನ್ನು ಚೀಟಿ ಎತ್ತಿದ ಹಾಗೆ ಗುಂಪುಗಳಿಗೆ ಹಂಚುತ್ತಾರೆ. ಈಗ ಆ ಚೀಟಿಯನ್ನು ಕಂಪ್ಯೂಟರ್ ಎತ್ತುತ್ತದೆ, ಅಷ್ಟೇ. ಒಂದು ಗುಂಪಿಗೆ ಆನ್‌ಲೈನ್ ಥೆರಪಿ, ಇನ್ನೊಂದಕ್ಕೆ ಬೇರೇನೋ. ಯಾರು ಯಾವ ಗುಂಪಿಗೆ ಅನ್ನುವುದು ಡಾಕ್ಟರ ಕೈಯಲ್ಲೂ ಇಲ್ಲ, ಸೇರಿದವರ ಕೈಯಲ್ಲೂ ಇಲ್ಲ. ಹಾಗೆ ಮಾಡದಿದ್ದರೆ ಹುಮ್ಮಸ್ಸು ಇರುವವರೆಲ್ಲ ಆ್ಯಪ್ ಕಡೆಗೆ, ಸೋತು ಕೂತವರೆಲ್ಲ ಇನ್ನೊಂದು ಕಡೆಗೆ ಸೇರಿಬಿಡುತ್ತಾರೆ. ಆಮೇಲೆ ಕಾಣುವ ವ್ಯತ್ಯಾಸ ಆ್ಯಪ್‌ನದ್ದೋ ಹುಮ್ಮಸ್ಸಿನದ್ದೋ ಗೊತ್ತಾಗುವುದಿಲ್ಲ.

ಇದಕ್ಕೆ ನಮ್ಮ ಊರಿನದ್ದೇ ಉದಾಹರಣೆ ಇದೆ. ಬೆಂಗಳೂರಿನಲ್ಲಿ ಹುಟ್ಟಿದ ವೈಸಾ ಅನ್ನುವ ಚಾಟ್‌ಬಾಟ್ ಬಗ್ಗೆ 2018ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. 129 ಬಳಕೆದಾರರ ಲೆಕ್ಕ ತೆಗೆದುಕೊಂಡು, ಜಾಸ್ತಿ ಬಳಸಿದ 108 ಜನರನ್ನೂ ಕಡಿಮೆ ಬಳಸಿದ 21 ಜನರನ್ನೂ ಹೋಲಿಸಿದರು. ಜಾಸ್ತಿ ಬಳಸಿದವರ ಸುಧಾರಣೆಯೂ ಜಾಸ್ತಿ ಇತ್ತು. ಒಳ್ಳೆಯ ಸುದ್ದಿಯೇ. ಆದರೆ ಇಲ್ಲಿ ಚೀಟಿ ಎತ್ತಿಲ್ಲ. ಬಳಸಿದ್ದಕ್ಕೆ ಸುಧಾರಿಸಿದರೋ, ಸುಧಾರಿಸುತ್ತಿದ್ದವರಿಗೆ ಬಳಸುವಷ್ಟು ಚೈತನ್ಯ ಇತ್ತೋ? ಎರಡೂ ಸಾಧ್ಯ. ಮುಂದೆ ಏನನ್ನು ಪರೀಕ್ಷಿಸಬೇಕು ಅಂತ ತಿಳಿಯಲು ಇಂಥ ಅಧ್ಯಯನ ಬೇಕು, ಕೊನೆಯ ತೀರ್ಪಿಗೆ ಸಾಲದು.

ಮನಸ್ಸಿನ ನೋವನ್ನು ಅಳೆಯೋಕೆ ಆಗುತ್ತಾ?

ಬಿಪಿ ಅಳೆದ ಹಾಗೆ ಆಗುವುದಿಲ್ಲ. ಇರುವುದರಲ್ಲಿ ಹೆಚ್ಚು ಬಳಕೆಯಲ್ಲಿರುವುದು ಪಿಎಚ್‌ಕ್ಯೂ-9 ಅನ್ನುವ ಪ್ರಶ್ನಾವಳಿ. ಒಂಬತ್ತು ಪ್ರಶ್ನೆ ಇರುತ್ತವೆ. ಕಳೆದ ಎರಡು ವಾರದಲ್ಲಿ ಬೇಜಾರು ಎಷ್ಟು ದಿನ ಇತ್ತು, ನಿದ್ದೆ ಹೇಗಿತ್ತು, ಊಟ ಹೇಗಿತ್ತು, ಸುಸ್ತು ಎಷ್ಟು ಅಂತೆಲ್ಲ ಕೇಳುತ್ತದೆ. ಪ್ರತಿಯೊಂದಕ್ಕೂ 0ರಿಂದ 3, ಒಟ್ಟು 27. ಸಾಮಾನ್ಯವಾಗಿ 10 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಗಮನ ಕೊಡಬೇಕಾದ ಮಟ್ಟ ಅಂತ ಲೆಕ್ಕ. ಆತಂಕಕ್ಕೆ ಜಿಎಡಿ-7 ಇದೆ, ಏಳು ಪ್ರಶ್ನೆ, ಒಟ್ಟು 21. ಪಿಎಚ್‌ಕ್ಯೂ-9 ಕನ್ನಡದಲ್ಲೂ ಇದೆ.

ಒಂಬತ್ತನೇ ಪ್ರಶ್ನೆ ಸಾಯುವ ಅಥವಾ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯ ಬಗ್ಗೆ. ಒಂದು ಟ್ರಯಲ್ ಎಷ್ಟು ಜವಾಬ್ದಾರಿಯಿಂದ ನಡೆಯುತ್ತಿದೆ ಅಂತ ತಿಳಿಯಬೇಕಾದರೆ ಇಲ್ಲಿ ನೋಡಿ. ರಾತ್ರಿ ಎರಡು ಗಂಟೆಗೆ ಯಾರೋ ಈ ಪ್ರಶ್ನೆಗೆ 3 ಅಂತ ಒತ್ತಿದರು ಅಂದುಕೊಳ್ಳಿ. ಆಗ ಏನಾಗುತ್ತದೆ? ತಕ್ಷಣ ಸಹಾಯವಾಣಿಯ ನಂಬರ್ ತೆರೆಯ ಮೇಲೆ ಬರುತ್ತದಾ? ಬೆಳಿಗ್ಗೆ ಯಾರಾದರೂ ಫೋನ್ ಮಾಡುತ್ತಾರಾ? ಅಥವಾ ಆ ಉತ್ತರ ಮೂರು ತಿಂಗಳ ನಂತರ ಲೆಕ್ಕ ಹಾಕುವವರೆಗೂ ಸರ್ವರ್‌ನಲ್ಲಿ ಬಿದ್ದಿರುತ್ತದಾ? ಇದಕ್ಕೆ ಉತ್ತರ ಮೊದಲೇ ಬರೆದಿಟ್ಟಿರಬೇಕು.

ಯಾವುದಕ್ಕೆ ಹೋಲಿಸಿದರು ಅನ್ನೋದು ಅಷ್ಟು ಮುಖ್ಯವಾ?

ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ ಇದೇ. ಒಂದೇ ಆ್ಯಪ್ ಹೋಲಿಕೆ ಬದಲಾದರೆ ಗೆಲ್ಲುತ್ತದೆ, ಸೋಲುತ್ತದೆ.

ಸುಲಭದ ಹೋಲಿಕೆ ಅಂದರೆ ವೇಟಿಂಗ್ ಲಿಸ್ಟ್. ಇನ್ನೊಂದು ಗುಂಪಿಗೆ ‘ಎರಡು ತಿಂಗಳು ಕಾಯಿರಿ, ಆಮೇಲೆ ನಿಮಗೂ ಕೊಡ್ತೀವಿ’ ಅನ್ನುತ್ತಾರೆ. ಕಾಯುವವರಿಗೆ ಏನೂ ಸಿಗುವುದಿಲ್ಲ. ಇನ್ನೂ ವಿಚಿತ್ರ ಏನೆಂದರೆ, ಕಾಯಿರಿ ಅಂದಾಗ ಜನ ನಿಜವಾಗಿಯೂ ಕಾಯುತ್ತಾರೆ. ವಾಕಿಂಗ್ ಹೋಗುವುದು, ಡಾಕ್ಟರ್ ಹತ್ತಿರ ಹೋಗುವುದು, ಗೆಳೆಯರ ಹತ್ತಿರ ಹೇಳಿಕೊಳ್ಳುವುದು ಎಲ್ಲವನ್ನೂ ಮುಂದಕ್ಕೆ ಹಾಕುತ್ತಾರೆ. ಜಪಾನಿನ ಫುರುಕಾವಾ ಮತ್ತು ಜೊತೆಗಾರರು 2014ರಲ್ಲಿ ಇದರ ಬಗ್ಗೆ ಬರೆದರು. ವೇಟಿಂಗ್ ಲಿಸ್ಟಿನಲ್ಲಿ ಇರುವುದೇ ಸುಧಾರಣೆಗೆ ಅಡ್ಡಿಯಾಗಬಹುದು ಅಂತ. ಅಂಥ ಗುಂಪಿನ ಎದುರು ಗೆಲ್ಲುವುದು ದೊಡ್ಡ ವಿಷಯ ಅಲ್ಲ, ಅಲ್ವಾ?

ಕಷ್ಟದ ಹೋಲಿಕೆ ಅಂದರೆ ಡಮ್ಮಿ ಆ್ಯಪ್. ನೋಡೋಕೆ ನಿಜವಾದದ್ದರ ಹಾಗೇ ಇರುತ್ತದೆ, ಸಮಯವೂ ಅಷ್ಟೇ ಹಿಡಿಯುತ್ತದೆ, ಆದರೆ ಒಳಗೆ ಥೆರಪಿ ಇರುವುದಿಲ್ಲ. 2024ರ ಮಾರ್ಚ್‌ನಲ್ಲಿ ಅಮೆರಿಕದಲ್ಲಿ ಔಷಧ, ವೈದ್ಯಕೀಯ ಸಾಧನಗಳಿಗೆ ಒಪ್ಪಿಗೆ ಕೊಡುವ ಎಫ್‌ಡಿಎ ಒಪ್ಪಿಗೆ ಕೊಟ್ಟ ರಿಜಾಯಿನ್ ಅನ್ನುವ ಆ್ಯಪ್‌ನ ಟ್ರಯಲ್‌ನಲ್ಲಿ ಹೀಗೇ ಮಾಡಿದ್ದರು. ಡಮ್ಮಿ ಬಳಸಿದವರಲ್ಲೂ ಸುಧಾರಣೆ ಕಾಣಿಸಿತ್ತು. ಯಾರೋ ನಮ್ಮನ್ನು ವಿಚಾರಿಸುತ್ತಿದ್ದಾರೆ, ನಾನೂ ಏನೋ ಮಾಡುತ್ತಿದ್ದೇನೆ ಅನ್ನುವುದಕ್ಕೇ ಅಷ್ಟು ಬಲ ಇದೆ.

ಸಂಖ್ಯೆ ಬೇಕು ಅನ್ನುವವರಿಗೆ: ಖಿನ್ನತೆಯ ಸ್ಮಾರ್ಟ್‌ಫೋನ್ ಆ್ಯಪ್‌ಗಳ 18 ಟ್ರಯಲ್‌ಗಳನ್ನು 2017ರಲ್ಲಿ ಒಟ್ಟಿಗೆ ಲೆಕ್ಕ ಹಾಕಿದರು. ಸೇರಿದವರು 3,414 ಜನ. ಸುಮ್ಮನೆ ಕಾಯುತ್ತಿದ್ದವರಿಗೆ ಹೋಲಿಸಿದರೆ ಆ್ಯಪ್‌ನ ಪರಿಣಾಮ 0.56. ಏನಾದರೂ ಚಟುವಟಿಕೆ ಮಾಡುತ್ತಿದ್ದವರಿಗೆ ಹೋಲಿಸಿದರೆ 0.22. ಈ ಅಳತೆಯಲ್ಲಿ 0.5 ಅಂದರೆ ಮಧ್ಯಮ, 0.2 ಅಂದರೆ ಸಣ್ಣದು. ಜಾಹೀರಾತಿನಲ್ಲಿ ಯಾವುದು ಬರುತ್ತದೆ ಅಂತ ನಾನು ಹೇಳಬೇಕಾಗಿಲ್ಲ.

ಒಂದೇ ಪ್ರೋಗ್ರಾಂ ಒಂದು ಕಡೆ ಗೆದ್ದು ಇನ್ನೊಂದು ಕಡೆ ಸೋತದ್ದಿದೆಯಾ?

ಇದೆ. ಈ ಕಥೆ ಸ್ವಲ್ಪ ಉದ್ದ.

ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿರುವ ನ್ಯಾಷನಲ್ ಯೂನಿವರ್ಸಿಟಿಯವರು 2001ರಲ್ಲಿ ಮೂಡ್‌ಜಿಮ್ ಅನ್ನುವ ವೆಬ್‌ಸೈಟ್ ಮಾಡಿದರು. ಸಿಬಿಟಿ ಪಾಠಗಳು, ಪುಕ್ಕಟೆ. ಹೆಲೆನ್ ಕ್ರಿಸ್ಟೆನ್ಸನ್ ಮತ್ತು ಕ್ಯಾಥ್ಲೀನ್ ಗ್ರಿಫಿತ್ಸ್ ಇದರ ಹಿಂದಿದ್ದವರು. 2004ರಲ್ಲಿ ಅವರು 525 ಜನರ ಟ್ರಯಲ್ ಪ್ರಕಟಿಸಿದರು. ಮೂರು ಗುಂಪು. ಒಂದಕ್ಕೆ ಮೂಡ್‌ಜಿಮ್, ಒಂದಕ್ಕೆ ಖಿನ್ನತೆಯ ಬಗ್ಗೆ ಬರೀ ಮಾಹಿತಿ ಕೊಡುವ ಬ್ಲೂಪೇಜಸ್ ವೆಬ್‌ಸೈಟ್. ಮೂರನೆಯದಕ್ಕೆ ಥೆರಪಿ ಇಲ್ಲ, ವಿಚಾರಿಸುವ ಫೋನ್ ಮಾತ್ರ. ಮೂಡ್‌ಜಿಮ್ ಮೂರನೇ ಗುಂಪನ್ನು ಮೀರಿಸಿತು. ಕುತೂಹಲದ ವಿಷಯ ಅಂದರೆ ಮಾಹಿತಿ ಕೊಡುವ ವೆಬ್‌ಸೈಟ್ ಕೂಡ ಮೀರಿಸಿತು. ಸಂಶೋಧಕರು ಎಲ್ಲರಿಗೂ ವಾರವಾರ ಫೋನ್ ಮಾಡುತ್ತಿದ್ದರು ಅನ್ನುವುದು ಗಮನದಲ್ಲಿರಲಿ.

ಹನ್ನೊಂದು ವರ್ಷ ಆದ ಮೇಲೆ, 2015ರಲ್ಲಿ, ಬ್ರಿಟನ್ನಿನ ಯಾರ್ಕ್ ಯೂನಿವರ್ಸಿಟಿಯ ಸೈಮನ್ ಗಿಲ್‌ಬಾಡಿ ತಂಡದ ಟ್ರಯಲ್ ಹೊರಗೆ ಬಂತು. ಹೆಸರು ರಿಯಾಕ್ಟ್. ಇವರು ವೆಬ್‌ಸೈಟಿಗೆ ತಾವಾಗಿ ಬಂದವರನ್ನು ತೆಗೆದುಕೊಳ್ಳಲಿಲ್ಲ. ಖಿನ್ನತೆ ಇದ್ದು ತಮ್ಮ ಊರಿನ ಡಾಕ್ಟರ ಹತ್ತಿರ ಬಂದ 691 ಜನರನ್ನು ತೆಗೆದುಕೊಂಡರು. ಒಂದು ಗುಂಪಿಗೆ ಮೂಡ್‌ಜಿಮ್. ಇನ್ನೊಂದಕ್ಕೆ ಬೀಟಿಂಗ್ ದಿ ಬ್ಲೂಸ್ ಅನ್ನುವ, ದುಡ್ಡು ಕೊಟ್ಟು ಕೊಳ್ಳುವ ಪ್ರೋಗ್ರಾಂ. ಯಾವ ಚಿಕಿತ್ಸೆ ಬಳಸಬೇಕು ಅಂತ ಸಲಹೆ ಕೊಡುವ ಬ್ರಿಟನ್ನಿನ ಎನ್‌ಐಸಿಇ ಸಂಸ್ಥೆ 2006ರಲ್ಲೇ ಇದನ್ನು ಶಿಫಾರಸು ಮಾಡಿತ್ತು. ಮೂರನೇ ಗುಂಪಿಗೆ ಎಂದಿನ ಡಾಕ್ಟರ ಚಿಕಿತ್ಸೆ ಮಾತ್ರ. ಆ ಚಿಕಿತ್ಸೆ ಉಳಿದೆರಡು ಗುಂಪಿಗೂ ಇತ್ತು.

ನಾಲ್ಕು ತಿಂಗಳಾಯಿತು. ಬರೀ ಡಾಕ್ಟರ ಚಿಕಿತ್ಸೆ ಪಡೆದವರಲ್ಲಿ ಶೇ 44ರಷ್ಟು ಜನ ಇನ್ನೂ ಖಿನ್ನತೆಯಲ್ಲಿದ್ದರು. ಬೀಟಿಂಗ್ ದಿ ಬ್ಲೂಸ್ ಗುಂಪಿನಲ್ಲಿ ಶೇ 50, ಮೂಡ್‌ಜಿಮ್ ಗುಂಪಿನಲ್ಲಿ ಶೇ 49. ಕಂಪ್ಯೂಟರ್ ಸೇರಿಸಿದ್ದರಿಂದ ಹೆಚ್ಚಿನ ಲಾಭ ಆಗಲಿಲ್ಲ. ಪುಕ್ಕಟೆಯದ್ದಕ್ಕೂ ದುಡ್ಡಿನದ್ದಕ್ಕೂ ವ್ಯತ್ಯಾಸ ಇರಲಿಲ್ಲ.

ಯಾಕೆ ಹೀಗಾಯಿತು? ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಬೀಟಿಂಗ್ ದಿ ಬ್ಲೂಸ್‌ನ ಎಂಟೂ ಪಾಠ ಮುಗಿಸಿದವರು ಶೇ 18. ಮೂಡ್‌ಜಿಮ್ ಪೂರ್ತಿ ಮುಗಿಸಿದವರು ಶೇ 16. ಬಹಳ ಜನ ಒಂದೆರಡು ಪಾಠಕ್ಕೇ ನಿಲ್ಲಿಸಿದ್ದರು. ಲಾಗಿನ್ ಆಗುತ್ತಿದೆಯಾ ಅಂತ ಕೇಳಲು ಫೋನ್ ಬರುತ್ತಿತ್ತು, ಆದರೆ ಅದು ತಾಂತ್ರಿಕ ಸಹಾಯ. ಪಾಠದ ಬಗ್ಗೆ, ನಿಮ್ಮ ಮನಸ್ಸಿನ ಬಗ್ಗೆ ಮಾತಾಡಲು ಯಾರೂ ಇರಲಿಲ್ಲ. ಖಿನ್ನತೆ ಇರುವವರಿಗೆ ಹಾಸಿಗೆ ಬಿಟ್ಟು ಏಳುವುದೇ ಒಂದು ಕೆಲಸ. ಅವರನ್ನು ಕಂಪ್ಯೂಟರ್ ಮುಂದೆ ಒಬ್ಬರೇ ಕೂರಿಸಿ ಎಂಟು ಪಾಠ ಮುಗಿಸಿ ಅಂದರೆ ಹೇಗೆ?

ಅದೇ ತಂಡ ಆಮೇಲೆ ಇನ್ನೊಂದು ಟ್ರಯಲ್ ಮಾಡಿತು. ಈ ಸಲ 454 ಜನ, ಎಲ್ಲರಿಗೂ ಮೂಡ್‌ಜಿಮ್ಮೇ. ಅರ್ಧ ಜನಕ್ಕೆ ಫೋನಿನಲ್ಲಿ ಪಾಠದ ಬಗ್ಗೆ ಮಾತಾಡಿ ಹುರಿದುಂಬಿಸುವವರು ಇದ್ದರು. ಇನ್ನರ್ಧಕ್ಕೆ ಸಹಾಯ ತೀರಾ ಕಡಿಮೆ. ನಾಲ್ಕು ತಿಂಗಳಲ್ಲಿ ಫೋನ್ ಬಂದ ಗುಂಪಿನ ಫಲಿತಾಂಶ ಚೆನ್ನಾಗಿತ್ತು.

ಅಂದರೆ ಮನುಷ್ಯರ ಸಹಾಯ ಬೇಕೇ ಬೇಕಾ?

ಬಹಳಷ್ಟು ಸಂದರ್ಭದಲ್ಲಿ ಬೇಕು. 39 ಟ್ರಯಲ್‌ಗಳ 9,751 ಜನರ ಮಾಹಿತಿಯನ್ನು 2021ರಲ್ಲಿ ಒಟ್ಟಿಗೆ ಸೇರಿಸಿ ನೋಡಿದಾಗ, ಸಹಾಯಕರಿರುವ ಪಾಠಗಳೇ ಒಟ್ಟಾರೆ ಮೇಲು ಅಂತ ಬಂತು. ಆದರೆ ಖಿನ್ನತೆ ಸೌಮ್ಯವಾಗಿದ್ದವರಲ್ಲಿ ಈ ವ್ಯತ್ಯಾಸ ಹೆಚ್ಚೇನೂ ಇರಲಿಲ್ಲ. ಅಂಥವರು ತಾವೇ ಮಾಡಿಕೊಂಡರೂ ನಡೆಯುತ್ತದೆ. ತೀವ್ರತೆ ಹೆಚ್ಚಿದಷ್ಟೂ ಜೊತೆಗೊಬ್ಬರು ಇರಬೇಕು.

ಸ್ವೀಡನ್ನಿನವರು ಇದನ್ನು ಬೇಗನೇ ಅರಿತರು. ಲಿನ್‌ಶೋಪಿಂಗ್ ಯೂನಿವರ್ಸಿಟಿಯ ಗೆರ್ಹಾರ್ಡ್ ಆಂಡರ್ಸನ್ ಇದನ್ನೇ ವರ್ಷಗಟ್ಟಲೆ ಮಾಡಿದ್ದಾರೆ. ಪಾಠ ಕಂಪ್ಯೂಟರಿನಲ್ಲಿ, ಆದರೆ ವಾರವಾರ ಥೆರಪಿಸ್ಟ್‌ನ ಮೆಸೇಜ್. ಸ್ಟಾಕ್‌ಹೋಮ್‌ನಲ್ಲಿ ಇಂಟರ್ನೆಟ್ ಮೂಲಕವೇ ಚಿಕಿತ್ಸೆ ಕೊಡುವ ಮನೋವೈದ್ಯಕೀಯ ವಿಭಾಗ 2007ರಿಂದ ಇದೆ. ಥೆರಪಿಸ್ಟ್ ಸಹಾಯ ಇರುವ ಆನ್‌ಲೈನ್ ಸಿಬಿಟಿಯನ್ನು ಎದುರುಬದುರು ಕೂತು ಮಾಡುವ ಸಿಬಿಟಿಗೆ ನೇರವಾಗಿ ಹೋಲಿಸಿದ 20 ಅಧ್ಯಯನಗಳನ್ನು, 1,418 ಜನರನ್ನು, 2018ರಲ್ಲಿ ಒಟ್ಟಿಗೆ ನೋಡಿದರು. ಎರಡೂ ಹೆಚ್ಚುಕಡಿಮೆ ಸಮ ಅಂತ ಬಂತು. ಇದು ಸಣ್ಣ ಮಾತಲ್ಲ. ಯಾಕೆಂದರೆ ಆನ್‌ಲೈನ್‌ನಲ್ಲಿ ಥೆರಪಿಸ್ಟ್ ಖರ್ಚು ಮಾಡುವ ಸಮಯ ಎಷ್ಟೋ ಪಾಲು ಕಡಿಮೆ.

ಆದರೆ ಜಾಹೀರಾತಿನವರು ಇಲ್ಲೊಂದು ಕೈಚಳಕ ತೋರಿಸುತ್ತಾರೆ. ಥೆರಪಿಸ್ಟ್ ಸಹಾಯ ಇದ್ದ ಟ್ರಯಲ್‌ಗಳ ಫಲಿತಾಂಶ ತೋರಿಸಿ, ಯಾವ ಸಹಾಯವೂ ಇಲ್ಲದ ಆ್ಯಪ್ ಮಾರುತ್ತಾರೆ.

ಅರ್ಧಕ್ಕೆ ಬಿಟ್ಟವರನ್ನು ಏನು ಮಾಡ್ತಾರೆ?

ಒಳ್ಳೆಯ ಟ್ರಯಲ್‌ನಲ್ಲಿ ಅವರನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. ಚೀಟಿಯಲ್ಲಿ ಯಾವ ಗುಂಪು ಬಂದಿತ್ತೋ, ಒಂದೂ ಪಾಠ ಓದದಿದ್ದರೂ ಆ ಗುಂಪಿನವರೇ. ಮುಗಿಸಿದವರನ್ನು ಮಾತ್ರ ಎಣಿಸಿದರೆ, ಪರೀಕ್ಷೆಗೆ ಕೂತವರಲ್ಲಿ ಪಾಸಾದವರನ್ನು ಮಾತ್ರ ಎಣಿಸಿ ‘ನಮ್ಮ ಶಾಲೆಗೆ ನೂರಕ್ಕೆ ನೂರು’ ಅಂದ ಹಾಗೆ.

ಟ್ರಯಲ್‌ನ ಹೊರಗೆ, ಜನ ತಾವಾಗಿ ಹಾಕಿಕೊಳ್ಳುವ ಆ್ಯಪ್‌ಗಳಲ್ಲಿ ಪರಿಸ್ಥಿತಿ ಇನ್ನೂ ಕೆಟ್ಟದು. 93 ಆ್ಯಪ್‌ಗಳ ಬಳಕೆಯನ್ನು 2019ರಲ್ಲಿ ಲೆಕ್ಕ ಹಾಕಿದರು. ಹಾಕಿಕೊಂಡವರಲ್ಲಿ 30 ದಿನ ಆದ ಮೇಲೂ ತೆರೆಯುತ್ತಿದ್ದವರು ಸುಮಾರು ಶೇ 3ರಷ್ಟು ಮಾತ್ರ. ಹಾಗಾಗಿ ‘ಹತ್ತು ಲಕ್ಷ ಡೌನ್‌ಲೋಡ್’ ಅಂದಾಕ್ಷಣ ಹತ್ತು ಲಕ್ಷ ಜನಕ್ಕೆ ಚಿಕಿತ್ಸೆ ಸಿಕ್ಕಿತು ಅಂದುಕೊಳ್ಳಬೇಡಿ.

ಇದರಿಂದ ತೊಂದರೆ ಆಗಬಹುದಾ?

ಆಗಬಹುದು, ಎಲ್ಲ ಚಿಕಿತ್ಸೆಯ ಹಾಗೆ. ಸಹಾಯಕರಿಲ್ಲದ ಆನ್‌ಲೈನ್ ಸಿಬಿಟಿಯ ಟ್ರಯಲ್‌ಗಳಲ್ಲಿ ಎಷ್ಟು ಜನರ ಸ್ಥಿತಿ ಹದಗೆಟ್ಟಿತು ಅಂತ 2018ರಲ್ಲಿ ನೋಡಿದರು. ಥೆರಪಿ ಗುಂಪಿನಲ್ಲಿ ಶೇ 5.8, ಹೋಲಿಕೆಯ ಗುಂಪಿನಲ್ಲಿ ಶೇ 9.1. ಅಂದರೆ ಪಾಠ ಮಾಡಿದ್ದರಿಂದ ಹದಗೆಟ್ಟವರು ಹೆಚ್ಚಾಗಲಿಲ್ಲ. ನನಗೆ ಜಾಸ್ತಿ ಚಿಂತೆ ಆಗುವುದು ಬೇರೆ ತೊಂದರೆಯ ಬಗ್ಗೆ. ಒಬ್ಬರೇ ಕೂತು ಮಾಡಲಾಗದೆ ಬಿಟ್ಟವರು, ತಪ್ಪು ತಮ್ಮದೇ ಅಂದುಕೊಳ್ಳುತ್ತಾರೆ. ‘ಇದೂ ನನ್ನಿಂದ ಆಗಲಿಲ್ಲ’ ಅಂತ. ಆಮೇಲೆ ಡಾಕ್ಟರ ಹತ್ತಿರ ಹೋಗುವುದನ್ನೂ ಮುಂದಕ್ಕೆ ಹಾಕುತ್ತಾರೆ.

ಮಾತ್ರೆ ತೆಗೆದುಕೊಳ್ತಿದ್ದೀನಿ. ಅದನ್ನು ಬಿಟ್ಟು ಆ್ಯಪ್ ಬಳಸಬಹುದಾ?

ನಿಮ್ಮಷ್ಟಕ್ಕೆ ನೀವೇ ಮಾತ್ರೆ ನಿಲ್ಲಿಸಬೇಡಿ. ಬರೆದುಕೊಟ್ಟ ಡಾಕ್ಟರ ಹತ್ತಿರ ಕೇಳಿ. ಎರಡನ್ನೂ ಒಟ್ಟಿಗೆ ಮಾಡಲು ಅಡ್ಡಿಯಿಲ್ಲ. ಮೇಲೆ ಹೇಳಿದ ರಿಜಾಯಿನ್ ಆ್ಯಪ್‌ಗೆ ಒಪ್ಪಿಗೆ ಸಿಕ್ಕಿರುವುದೇ ಮಾತ್ರೆಯ ಜೊತೆಗೆ ಬಳಸಲು.

ಎಐ ಚಾಟ್‌ಬಾಟ್‌ಗಳನ್ನು ಪರೀಕ್ಷೆ ಮಾಡಿದ್ದಾರಾ?

ಮಾಡುತ್ತಿದ್ದಾರೆ, ಆದರೆ ಇನ್ನೂ ಶುರುವಿನ ಹಂತ. ವೋಬಾಟ್ ಅನ್ನುವ ಚಾಟ್‌ಬಾಟ್‌ನ 2017ರ ಟ್ರಯಲ್ ತುಂಬಾ ಹೆಸರು ಮಾಡಿತು. ಸೇರಿದವರು 70 ಯುವಕ-ಯುವತಿಯರು, ಅವಧಿ ಎರಡು ವಾರ, ಹೋಲಿಕೆ ಒಂದು ಇ-ಪುಸ್ತಕದ ಜೊತೆ. ಎರಡು ವಾರದ ಮೇಲೆ ಏನಾಯಿತು ಅನ್ನುವುದು ಅದರಲ್ಲಿ ಸಿಗುವುದಿಲ್ಲ. ಆ ಆ್ಯಪ್ 2025ರ ಜೂನ್ ಕೊನೆಗೆ ಬಾಗಿಲು ಹಾಕಿತು.

2025ರ ಮಾರ್ಚ್‌ನಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನವರು ಥೆರಾಬಾಟ್ ಟ್ರಯಲ್ ಪ್ರಕಟಿಸಿದರು. ಮೊದಲೇ ಬರೆದಿಟ್ಟ ಉತ್ತರಗಳಲ್ಲ, ಇದು ತಾನೇ ವಾಕ್ಯ ಕಟ್ಟಿ ಮಾತಾಡುವ ಎಐ. 210 ಜನ ಸೇರಿದ್ದರು. ಖಿನ್ನತೆ ಇದ್ದವರ ಲಕ್ಷಣಗಳು ಸರಾಸರಿ ಶೇ 51ರಷ್ಟು, ಆತಂಕ ಇದ್ದವರಲ್ಲಿ ಶೇ 31ರಷ್ಟು ಇಳಿದವು. ಹೋಲಿಕೆ ಯಾವುದರ ಜೊತೆ ಅಂತ ಈಗ ನೀವೇ ಕೇಳುತ್ತಿರಬೇಕು. ವೇಟಿಂಗ್ ಲಿಸ್ಟ್ ಜೊತೆ. ಇನ್ನೊಂದು ವಿಷಯ, ಸಂಶೋಧಕರು ಸಂಭಾಷಣೆಗಳ ಮೇಲೆ ಕಣ್ಣಿಟ್ಟಿದ್ದರು. ನಿಮ್ಮ ಫೋನಿನಲ್ಲಿರುವ ಸಾಮಾನ್ಯ ಎಐ ಆ್ಯಪ್‌ಗೂ ಇದಕ್ಕೂ ಸಂಬಂಧ ಇಲ್ಲ. ಒಂದರ ಫಲಿತಾಂಶ ಹಿಡಿದು ಇನ್ನೊಂದನ್ನು ನಂಬುವ ಹಾಗಿಲ್ಲ.

ನಮ್ಮ ದೇಶದಲ್ಲಿ ಇಂಥ ಪರೀಕ್ಷೆ ನಡೆದಿದೆಯಾ? ಕನ್ನಡದಲ್ಲಿ?

ಅಗತ್ಯ ನಮ್ಮಲ್ಲೇ ಜಾಸ್ತಿ. ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಡೆಸಿತು. ಅದರ ಪೂರ್ವಭಾವಿ ಪರೀಕ್ಷೆ ನಡೆದದ್ದು ನಮ್ಮ ಕೋಲಾರದಲ್ಲಿ. ಖಿನ್ನತೆ ಇರುವವರಲ್ಲಿ ಸುಮಾರು ಶೇ 85ರಷ್ಟು ಜನಕ್ಕೆ ಚಿಕಿತ್ಸೆ ಸಿಗುತ್ತಿಲ್ಲ ಅಂತ ಆ ಸಮೀಕ್ಷೆ ಹೇಳಿತು.

ನಿಮ್ಹಾನ್ಸ್‌ನ ಮನಶ್ಶಾಸ್ತ್ರಜ್ಞರು ಭಾರತದ ಬಳಕೆದಾರರಿಗೆ ಅಂತಲೇ ಪುಶ್-ಡಿ ಅನ್ನುವ ಸ್ವಸಹಾಯ ಪ್ರೋಗ್ರಾಂ ಮಾಡಿ ಪ್ರಾಥಮಿಕ ಪರೀಕ್ಷೆ ಮಾಡಿದ್ದಾರೆ. ಐಐಟಿ ಕಾನ್ಪುರದವರು ಟ್ರೆಡ್‌ವಿಲ್ ಅನ್ನುವುದನ್ನು ಕಟ್ಟಿ, 598 ಜನರ ಟ್ರಯಲ್ ಮಾಡಿ 2023ರಲ್ಲಿ ಪ್ರಕಟಿಸಿದರು. ಎರಡೂ ಇಂಗ್ಲಿಷಿನಲ್ಲಿ ಶುರುವಾದವು. ಬರುವವರು ಹೆಚ್ಚಾಗಿ ಓದಿದವರು, ನಗರದವರು, ತಮ್ಮದೇ ಫೋನ್ ಇರುವವರು. ರಾಯಚೂರಿನ ಹಳ್ಳಿಯಲ್ಲಿ ಮನೆಗೆಲ್ಲ ಒಂದೇ ಫೋನ್ ಇದ್ದು, ಅದೂ ಮಗನ ಕೈಯಲ್ಲಿರುವ ತಾಯಿಯ ವಿಷಯಕ್ಕೆ ಈ ಫಲಿತಾಂಶ ಹೊಂದುತ್ತದೆ ಅನ್ನೋಕೆ ಆಗುವುದಿಲ್ಲ.

ಬರೀ ಪಾಠವನ್ನು ಕನ್ನಡಕ್ಕೆ ಇಳಿಸಿದರೆ ಸಾಲದು. ಉದಾಹರಣೆಗಳು ಬದಲಾಗಬೇಕು. ಗೆಳತಿಯ ಜೊತೆ ಕಾಫಿಗೆ ಹೋಗಿ, ವಾರಾಂತ್ಯಕ್ಕೆ ಪ್ರವಾಸ ಮಾಡಿ ಅನ್ನುವ ಪಾಠ, ಅತ್ತೆ-ಮಾವನ ಜೊತೆ ಇದ್ದು ಹೊಲದ ಕೆಲಸವನ್ನೂ ಮಾಡುವ ಸೊಸೆಗೆ ಏನು ಹೇಳೀತು? ಖಿನ್ನತೆ ಇರುವ ಎಷ್ಟೋ ಜನ ನಮ್ಮಲ್ಲಿ ಡಾಕ್ಟರ ಹತ್ತಿರ ಬರುವುದು ಮೈಕೈ ನೋವು, ತಲೆನೋವು, ಸುಸ್ತು ಅಂತ. ಪಾಠ ಅಲ್ಲಿಂದಲೇ ಶುರುವಾಗಬೇಕು.

ದಾರಿ ಇಲ್ಲ ಅಂತಲ್ಲ. ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಮನೋವೈದ್ಯ ವಿಕ್ರಮ್ ಪಟೇಲ್ ಮತ್ತು ಸಂಗಾತ್ ಸಂಸ್ಥೆಯವರು ಸ್ಥಳೀಯರಿಗೇ ತರಬೇತಿ ಕೊಟ್ಟು ಖಿನ್ನತೆಗೆ ಆರೆಂಟು ಸಲದ ಕೌನ್ಸೆಲಿಂಗ್ ಕೊಡಿಸಿದರು. 2017ರಲ್ಲಿ ಪ್ರಕಟವಾದ ಆ ಟ್ರಯಲ್‌ನ ಫಲಿತಾಂಶ ಚೆನ್ನಾಗಿತ್ತು. ಅದು ಆನ್‌ಲೈನ್ ಅಲ್ಲ. ಆದರೆ ಫೋನ್ ಮಾಡಿ ವಿಚಾರಿಸುವವರು ದೊಡ್ಡ ಡಿಗ್ರಿಯವರೇ ಆಗಬೇಕಿಲ್ಲ ಅಂತ ಅದರಿಂದ ಗೊತ್ತಾಯಿತು. ಕನ್ನಡದ ಪಾಠ ಮತ್ತು ವಾರಕ್ಕೊಂದು ಫೋನ್, ಇದನ್ನು ಒಂದೆರಡು ಜಿಲ್ಲೆಯಲ್ಲಿ ಪರೀಕ್ಷಿಸಿದರೆ ನೋಡುವಂಥದ್ದಾಗುತ್ತದೆ.

ನಾನು ಬರೆದದ್ದು ಯಾರ ಕೈಗೆ ಹೋಗುತ್ತದೆ?

ಈ ಹೆದರಿಕೆ ಸುಮ್ಮನೆ ಅಲ್ಲ. ಫಿನ್ಲೆಂಡಿನ ವಸ್ತಾಮೊ ಅನ್ನುವ ಥೆರಪಿ ಕಂಪನಿಯ ದಾಖಲೆಗಳನ್ನು ಹ್ಯಾಕ್ ಮಾಡಿದ್ದು 2020ರಲ್ಲಿ ಬಯಲಾಯಿತು. ಸುಮಾರು 33,000 ಜನರ ಮಾಹಿತಿ. ಥೆರಪಿಸ್ಟ್ ಹತ್ತಿರ ಹೇಳಿಕೊಂಡ ಮಾತುಗಳನ್ನೇ ಹಿಡಿದು, ದುಡ್ಡು ಕೊಡಿ ಇಲ್ಲವೇ ಬಹಿರಂಗ ಮಾಡ್ತೀವಿ ಅಂತ ರೋಗಿಗಳಿಗೇ ಇಮೇಲ್ ಬಂತು. ಅಪರಾಧಿಗೆ 2024ರಲ್ಲಿ ಆರು ವರ್ಷಕ್ಕೂ ಹೆಚ್ಚಿನ ಜೈಲುಶಿಕ್ಷೆ ಆಯಿತು. ಅಮೆರಿಕದಲ್ಲಿ ಆನ್‌ಲೈನ್ ಕೌನ್ಸೆಲಿಂಗ್ ಕೊಡುವ ಬೆಟರ್‌ಹೆಲ್ಪ್ ಕಂಪನಿ ಬಳಕೆದಾರರ ಮಾಹಿತಿಯನ್ನು ಫೇಸ್‌ಬುಕ್ ಮುಂತಾದ ಕಂಪನಿಗಳ ಜೊತೆ ಜಾಹೀರಾತಿಗಾಗಿ ಹಂಚಿಕೊಂಡಿತು ಅಂತ ಅಲ್ಲಿನ ವ್ಯಾಪಾರ ಆಯೋಗ ಆರೋಪಿಸಿತು. 2023ರಲ್ಲಿ ಅದು 78 ಲಕ್ಷ ಡಾಲರ್ ಕೊಡಲು ಒಪ್ಪಬೇಕಾಯಿತು. ನಮ್ಮಲ್ಲಿ ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣೆಗೆ 2023ರ ಕಾಯ್ದೆ ಇದೆ. ಆದರೂ ಲಾಗಿನ್‌ಗೆ ಬೇರೆಯೇ ಇಮೇಲ್ ಇಟ್ಟುಕೊಳ್ಳಿ. ಬೇರೆಯವರ ಹೆಸರು ಬರೆಯಬೇಕಾದಾಗ ಅಡ್ಡಹೆಸರು ಬಳಸಿ.

ಸರ್ಕಾರದ ಒಪ್ಪಿಗೆ ಇದ್ದರೆ ನಂಬಬಹುದಾ?

ಎಂಥ ಒಪ್ಪಿಗೆ ಅಂತ ನೋಡಿ. ಜರ್ಮನಿಯಲ್ಲಿ 2020ರಿಂದ ಡಾಕ್ಟರೇ ಆ್ಯಪ್ ಬರೆದುಕೊಡಬಹುದು, ವಿಮೆ ದುಡ್ಡು ಕಟ್ಟುತ್ತದೆ. ಆದರೆ ಪುರಾವೆ ಪೂರ್ತಿ ಇಲ್ಲದವಕ್ಕೂ ಒಂದು ವರ್ಷದ ತಾತ್ಕಾಲಿಕ ಅವಕಾಶ ಇದೆ. ಬ್ರಿಟನ್ನಿನ ಎನ್‌ಐಸಿಇ 2023ರಲ್ಲಿ ಒಂಬತ್ತು ಡಿಜಿಟಲ್ ಥೆರಪಿಗಳನ್ನು ಬಳಸಬಹುದು ಅಂದಿತು. ಷರತ್ತು ಏನೆಂದರೆ, ಇನ್ನೂ ಪುರಾವೆ ಸಂಗ್ರಹಿಸುತ್ತಿರಬೇಕು, ಥೆರಪಿಸ್ಟ್ ಜೊತೆಗಿರಬೇಕು.

ಟ್ರಯಲ್‌ಗೆ ಸೇರಿ ಅಂತ ಕರೆದರೆ ಏನು ಕೇಳಬೇಕು?

ಸಿಟಿಆರ್‌ಐ ನಂಬರ್ ಏನು ಅಂತ ಮೊದಲು ಕೇಳಿ. ಭಾರತದಲ್ಲಿ ನಡೆಯುವ ಟ್ರಯಲ್‌ಗಳನ್ನು ದಾಖಲಿಸುವ ಸರ್ಕಾರಿ ನೋಂದಣಿ ಅದು, 2007ರಿಂದ ಇದೆ. ಅಲ್ಲಿ ಹುಡುಕಿದರೆ ಏನನ್ನು ಅಳೆಯುತ್ತಾರೆ, ಯಾವುದಕ್ಕೆ ಹೋಲಿಸುತ್ತಾರೆ ಅಂತ ಮೊದಲೇ ಬರೆದದ್ದು ಸಿಗುತ್ತದೆ. ನೈತಿಕ ಸಮಿತಿಯ ಒಪ್ಪಿಗೆ ಇದೆಯಾ, ಒಪ್ಪಿಗೆ ಪತ್ರ ಕನ್ನಡದಲ್ಲಿದೆಯಾ ಕೇಳಿ. ನಿಮಗೆ ಅರ್ಥವಾಗುವ ಭಾಷೆಯಲ್ಲಿ ಕೊಡುವುದು ಅವರ ಜವಾಬ್ದಾರಿ. ಹೋಲಿಕೆಯ ಗುಂಪಿಗೆ ಬಂದರೆ ಥೆರಪಿ ಯಾವಾಗ ಸಿಗುತ್ತದೆ, ತುರ್ತು ಬಂದರೆ ಯಾರಿಗೆ ಫೋನ್ ಮಾಡಬೇಕು ಅಂತಲೂ ಕೇಳಿ.

ಕೇಳದೆಯೇ ಪ್ರಯೋಗ ಮಾಡಿದವರೂ ಇದ್ದಾರೆ. 2023ರಲ್ಲಿ ಕೋಕೊ ಅನ್ನುವ ಅಮೆರಿಕದ ಸೇವೆಯವರು, ಸಹಾಯ ಕೇಳಿ ಬಂದ ಸುಮಾರು 4,000 ಜನಕ್ಕೆ ಎಐ ನೆರವಿನಿಂದ ಬರೆದ ಉತ್ತರ ಕಳಿಸಿದ್ದಾಗಿ ತಾವೇ ಹೇಳಿಕೊಂಡರು. ಸರಿಯಾಗಿ ಒಪ್ಪಿಗೆ ಕೇಳಿಲ್ಲ ಅಂತ ದೊಡ್ಡ ಗಲಾಟೆಯೇ ಆಯಿತು.

ಸೇರಿದ ಮೇಲೆ ಬೇಡ ಅನ್ನಿಸಿದರೆ?

ಯಾವಾಗ ಬೇಕಾದರೂ ಬಿಡಬಹುದು. ಕಾರಣ ಹೇಳಬೇಕಿಲ್ಲ. ಬಿಟ್ಟಿದ್ದಕ್ಕೆ ಅದೇ ಆಸ್ಪತ್ರೆಯಲ್ಲಿ ನಿಮಗೆ ಸಿಗುವ ಚಿಕಿತ್ಸೆ ನಿಲ್ಲಿಸುವ ಹಾಗಿಲ್ಲ. ಆಗುವುದಾದರೆ ಕೊನೆಯ ಪ್ರಶ್ನಾವಳಿಯನ್ನು ಮಾತ್ರ ತುಂಬಿ ಕಳಿಸಿ. ಬಿಟ್ಟವರ ಉತ್ತರ ಸಿಗುವುದೇ ಸಂಶೋಧಕರಿಗೆ ಕಷ್ಟ.